ಐರೋಲಿ ದೋಣಿಯಲ್ಲೊಂದು ನೆರಳಿನ ಸೀಟು

ಡೊಂಬಿವಲಿಯ ಅಕ್ಷಿತನಿಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ ಒಂದೇ: ಲೋಕಲ್ ಟ್ರೇನಿನಲ್ಲಿ ಸೀಟು ಹಿಡಿಯುವುದು. ಐರೋಲಿಯ ಗಾಜಿನ ಕಟ್ಟಡವೊಂದರಲ್ಲಿ ಕುಳಿತು, ಬೇರೆಯವರು ಕಂಪ್ಯೂಟರಿನಲ್ಲಿ ಮಾಡಿದ ತಪ್ಪುಗಳನ್ನು ತಿದ್ದುವುದು ಅವನ ನೌಕರಿ. ಅದು ಅವನಿಗೆ ಸುಮಾರಾಗಿ ಬರುತ್ತಿತ್ತು. ಆದರೆ ಠಾಣೆಯ ಪ್ಲಾಟ್‌ಫಾರ್ಮಿಗೆ ವಾಶಿ ಗಾಡಿ ಬರುವಾಗ ಅವನನ್ನು ನೋಡಬೇಕಿತ್ತು. ಗಾಡಿ ನಿಲ್ಲುವ ಮೊದಲೇ ಕಿಟಕಿಯ ಸರಳುಗಳ ನಡುವಿನಿಂದ ಕರವಸ್ತ್ರ ಒಳಗೆ ಹಾರುತ್ತಿತ್ತು, ಅದರ ಹಿಂದೆಯೇ ಬಾಗಿಲಿನಿಂದ ಅಕ್ಷಿತ್ ಹಾರುತ್ತಿದ್ದ. ಸೀಟಿನ ಮೇಲೆ ಕರವಸ್ತ್ರ ಬಿದ್ದರೆ ಆ ಜಾಗ ಅದರ ಒಡೆಯನದು. ಈ ಕಾಯಿದೆ ಯಾವ ಪುಸ್ತಕದಲ್ಲೂ ಇಲ್ಲ, ಆದರೆ ಮೀರಿದವರಿಗೆ ಬೈಗುಳ ಖಂಡಿತ.

ಈ ವಿದ್ಯೆಗೆ ಮದುವೆಯ ಮಾರುಕಟ್ಟೆಯಲ್ಲಿ ಬೆಲೆಯಿರಲಿಲ್ಲ. ನೋಡಿ ಹೋದ ಹುಡುಗಿಯರ ಮನೆಗಳಿಂದ "ಹುಡುಗ ಪಾಪದವ" ಎಂಬ ಪ್ರಶಂಸೆ ಬರುತ್ತಿತ್ತು, ಹುಡುಗಿ ಮಾತ್ರ ಬರುತ್ತಿರಲಿಲ್ಲ. ಹೀಗಿರುವಾಗ, 2019ರ ಚಳಿಗಾಲದ ಕೊನೆಗೆ, ಕಾಮೋಠೆಯ ಜ್ಯೋತ್ಸ್ನಾಳ ಸಂಬಂಧ ಬಂತು. ತುರ್ಭೆಯ ಲ್ಯಾಬೊಂದರಲ್ಲಿ ಕೆಲಸ, ಉಡುಪಿ ಕಡೆಯ ಮನೆತನ, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಫೋಟೊ ನೋಡಿದ ದಿನ ಅಕ್ಷಿತ್ ಇಳಿಯುವ ಸ್ಟೇಷನ್ ಮರೆತು ಮುಂದಕ್ಕೆ ಹೋದ. ಈ ಒಬ್ಬಳಾದರೂ ಹೂಂ ಅನ್ನಬೇಕೆಂದು ಅವನು ಮನಸ್ಸಿನಲ್ಲೇ ಉಡುಪಿಯ ಕೃಷ್ಣನಿಗೂ ಸಿದ್ಧಿವಿನಾಯಕನಿಗೂ ಒಟ್ಟಿಗೆ ಅರ್ಜಿ ಹಾಕಿದ.

ಫೋನಿನಲ್ಲಿ ಮಾತಾಡುವಾಗ ಅವಳು ರಜೆಯ ದಿನ ಏನು ಮಾಡುತ್ತೀರಿ ಎಂದು ಕೇಳಿದಳು. ನಿಜ ಹೇಳುವುದಾದರೆ ಅವನು ರಜೆಯ ದಿನ ಮಲಗುತ್ತಿದ್ದ, ಎದ್ದು ಉಂಡು ಮತ್ತೆ ಮಲಗುತ್ತಿದ್ದ. ಆದರೆ ಆ ಹೊತ್ತಿಗೆ ಅವನು ಆಫೀಸಿನ ಕಿಟಕಿಯ ಬಳಿ ನಿಂತಿದ್ದ. ಕೆಳಗೆ ಖಾಡಿ, ಅಂದರೆ ಕಡಲು ಊರೊಳಗೆ ನುಗ್ಗಿ ಅಗಲವಾದ ಹೊಳೆಯಂತೆ ಮಲಗಿದ ನೀರು, ಅದರ ಅಂಚಿಗೆ ಗುಲಾಬಿ ಗೀಟು ಎಳೆದಂತೆ ಫ್ಲೆಮಿಂಗೊ ಹಕ್ಕಿಗಳು. ಬಾಯಿಗೆ ಬಂದದ್ದು "ಬರ್ಡ್ ವಾಚಿಂಗ್" ಎಂಬ ಮಾತು.

ಹಾಗಾದರೆ ನನಗೂ ತೋರಿಸಿ ಎಂದಳು ಜ್ಯೋತ್ಸ್ನಾ. ಮನೆಯಲ್ಲಿ ಉಪ್ಪಿಟ್ಟಿನ ತಟ್ಟೆ ಎದುರಿಟ್ಟುಕೊಂಡು ಕೂತರೆ ಯಾರ ಗುಣವೂ ತಿಳಿಯುವುದಿಲ್ಲ, ಹೊರಗೆ ಒಂದು ಸಲ ನೋಡಿ ಆಮೇಲೆ ಹೇಳುತ್ತೇನೆ ಎಂಬುದು ಅವಳ ಕರಾರು. ಅವಳ ಅಮ್ಮ ಅದಕ್ಕೆ ತಮ್ಮದೊಂದು ಕರಾರು ಸೇರಿಸಿದರು: ಜೊತೆಗೆ ಸೋದರಮಾವ ಲೀಲಾಧರ ಇರುತ್ತಾರೆ.

ಲೀಲಾಧರ ಮಾಮ ಘೋಡಬಂದರ್ ರಸ್ತೆಯಲ್ಲಿ ಹೋಟೆಲು ನಡೆಸುವವರು. ಭಾನುವಾರದ ವ್ಯಾಪಾರ ಬಿಟ್ಟು ಹಕ್ಕಿ ನೋಡಲು ಬಂದ ಸಂಕಟ ಅವರ ಮುಖದಲ್ಲಿತ್ತು. ಫ್ಲೆಮಿಂಗೊ ಅಭಯಾರಣ್ಯಕ್ಕೆ ದೋಣಿ ಹೊರಡುವ ಐರೋಲಿಯ ಜೆಟ್ಟಿಯಲ್ಲಿ ಅವರು ಮೊದಲು ವಿಚಾರಿಸಿದ್ದು ಚಹಾ ಎಲ್ಲಿ ಸಿಗುತ್ತದೆ ಎಂದು. ಅಕ್ಷಿತ್ ತಾಯಿ ಹೇಳಿಕೊಟ್ಟಂತೆ ಮರ್ಯಾದೆಯ ಕನ್ನಡದಲ್ಲಿ ಮಾತಾಡಿದ, ಜ್ಯೋತ್ಸ್ನಾ ಎಲ್ಲವನ್ನೂ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರಿಸಿದಳು. ಅಷ್ಟರವರೆಗೆ ಎಲ್ಲ ಸುಸೂತ್ರವಾಗಿತ್ತು.

ಆಗ ದೋಣಿ ಬಂತು. ಜೆಟ್ಟಿಯ ಮೇಲೆ ಕಾಯುತ್ತಿದ್ದ ಜನ ಒಮ್ಮೆ ಅಲುಗಿದರು. ಅಕ್ಷಿತನ ತಲೆ ಅಭಯಾರಣ್ಯದಲ್ಲಿತ್ತು, ಕೈ ಮಾತ್ರ ಠಾಣೆ ಸ್ಟೇಷನ್ನಿನಲ್ಲಿತ್ತು. ದೋಣಿ ಇನ್ನೂ ದಡಕ್ಕೆ ತಾಗಿರಲಿಲ್ಲ, ಕರವಸ್ತ್ರ ಹಾರಿತು.

ಗಾಡಿಯ ಕಿಟಕಿಗೆ ಹೊಂದುವ ಎಸೆತ ಖಾಡಿಯ ಗಾಳಿಗೆ ಹೊಂದಲಿಲ್ಲ. ಕರವಸ್ತ್ರ ಸೀಟಿನ ಮೇಲೆ ಸಾಗಿ, ಆಚೆ ಬದಿಯ ಕೆಸರಿನಲ್ಲಿ ಕಾಂಡ್ಲಾ ಎಂಬ ಮ್ಯಾಂಗ್ರೋವ್ ಗಿಡದ ಬೇರಿಗೆ ಸಿಕ್ಕಿ ಬಾವುಟದಂತೆ ನಿಂತಿತು. ದೋಣಿಯ ಗೈಡು ಅದನ್ನು ನೋಡಿದ, ಅಕ್ಷಿತನನ್ನು ನೋಡಿದ, ಮತ್ತೆ ಸಮಾಧಾನದ ಹಿಂದಿಯಲ್ಲಿ, "ಸಾಬ್, ಇಧರ್ ಕಚರಾ ಡಾಲ್ನಾ ಮನಾ ಹೈ" ಎಂದು ಇಲ್ಲಿ ಕಸ ಹಾಕಬಾರದೆಂಬುದನ್ನು ತಿಳಿಸಿದ. ಉದ್ದನೆಯ ಬಿದಿರಿನ ಕೋಲಿನಿಂದ ಅದನ್ನು ಎತ್ತಿ, ಕೆಸರು ಸೋರುತ್ತಿದ್ದಂತೆಯೇ ಎಲ್ಲರೆದುರು ಒಡೆಯನಿಗೆ ಒಪ್ಪಿಸಿದ. ಜ್ಯೋತ್ಸ್ನಾ ಆಕಾಶ ನೋಡುತ್ತಿದ್ದಳು. ಅಲ್ಲಿ ಯಾವ ಹಕ್ಕಿಯೂ ಇರಲಿಲ್ಲ.

ಇಷ್ಟಾದ ಮೇಲೆ ಮನುಷ್ಯನಾದವನು ಸುಮ್ಮನಿರಬೇಕು. ಆದರೆ ಕಾಲುಗಳು ಕೇಳಲಿಲ್ಲ. ಹಗ್ಗ ಕಟ್ಟುವ ಮೊದಲೇ ಜಿಗಿದು, ಬಿಸಿಲು ಯಾವ ಕಡೆ ಬೀಳುತ್ತದೆಂದು ಒಂದೇ ನೋಟದಲ್ಲಿ ಲೆಕ್ಕ ಹಾಕಿ, ನೆರಳಿನ ಬದಿಯ ಬೆಂಚಿನಲ್ಲಿ ಮೂರು ಜನರ ಜಾಗಕ್ಕೆ ಕೈಕಾಲು ಹರಡಿ ಕುಳಿತ. ಮಾಮನಿಗೂ ಜ್ಯೋತ್ಸ್ನಾಳಿಗೂ ಜಾಗ ಕೊಡಿಸಿದ ಹೆಮ್ಮೆಯಿಂದ ಬೆವರು ಒರೆಸಲು ಕರವಸ್ತ್ರ ತೆಗೆದು, ಮುಖಕ್ಕೆಲ್ಲ ಕೆಸರು ಬಳಿದುಕೊಂಡ.

ಹಕ್ಕಿಗಳೆಲ್ಲ ಬಿಸಿಲಿನ ಬದಿಯಲ್ಲಿದ್ದವು.

ಆ ಕಡೆ ಕೂತವರು ಮೊಬೈಲು ಎತ್ತಿ ಹಿಡಿದರು. ಈ ಕಡೆಯವರಿಗೆ ಕಂಡದ್ದು ಅವರ ಬೆನ್ನುಗಳು. ಎದ್ದು ನಿಲ್ಲಬಾರದೆಂದು ಗೈಡಿನ ಅಪ್ಪಣೆ. ಜ್ಯೋತ್ಸ್ನಾ ಇಬ್ಬರು ಗುಜರಾತಿ ಹೆಂಗಸರ ಭುಜಗಳ ನಡುವಿನ ಸಂದಿಯಲ್ಲಿ ಫ್ಲೆಮಿಂಗೊವಿನ ಒಂದು ಕಾಲು ನೋಡಿದಳು. "ನೆರಳಾದರೂ ಉಂಟಲ್ಲ ಮಾರಾಯ್ರೆ" ಎಂದು ಲೀಲಾಧರ ಮಾಮ ಕಣ್ಣು ಮುಚ್ಚಿಕೊಂಡರು.

ನೆರಳಿನ ಬದಿಯಲ್ಲೂ ಆಗೊಂದು ಈಗೊಂದು ಕಂದು ಬಣ್ಣದ ಹಕ್ಕಿ ಕೆಸರಿನಲ್ಲಿ ಕೊಕ್ಕು ಚುಚ್ಚುತ್ತಿತ್ತು. ಅದರ ಹೆಸರೇನೆಂದು ಜ್ಯೋತ್ಸ್ನಾ ಕೇಳಿದಳು. ಸ್ಯಾಂಡ್‌ಪೈಪರ್ ಎಂದ ಅಕ್ಷಿತ್. ಮುಂದಿನದೂ ಸ್ಯಾಂಡ್‌ಪೈಪರ್. ಅದರ ಮುಂದೆ ಬಂದ ಬಿಳಿಯದು ಸ್ಯಾಂಡ್‌ಪೈಪರಿನ ಹೆಣ್ಣು. ಆಮೇಲೆ ಅವಳು ದೂರದಲ್ಲಿ ಕೂತ ಕಪ್ಪು ಆಕಾರವೊಂದನ್ನು ತೋರಿಸಿದಳು. ಅವನು ಬಾಯಿ ತೆರೆಯುವಷ್ಟರಲ್ಲಿ ದೋಣಿ ಹತ್ತಿರವಾಗಿ, ಅದು ಕಂಬಕ್ಕೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲ ಎಂದು ತಿಳಿಯಿತು.

ಅಕ್ಷಿತನಿಗೆ ಇನ್ನು ಕಳೆದುಕೊಳ್ಳಲು ಏನೂ ಉಳಿದಿಲ್ಲ ಅನ್ನಿಸಿತು. "ನಂಗೆ ಒಂದು ಹಕ್ಕಿಯೂ ಗೊತ್ತಿಲ್ಲ" ಎಂದ. "ನಾನು ರಜೆಯಲ್ಲಿ ಮಲಗುವುದು."

ಜ್ಯೋತ್ಸ್ನಾ ಅವನ ಕೆಸರು ಮುಖದ ಕಡೆ ತಿರುಗಿದಳು. "ಕಿತ್‌ನೇ ಬಜೇ ತಕ್?"

"ಅಮ್ಮ ಊಟಕ್ಕೆ ಎಬ್ಬಿಸುವವರೆಗೆ."

"ಮೈ ಭೀ" ಎಂದು ತನ್ನ ರಜೆಯ ನಿದ್ದೆಯನ್ನೂ ಒಪ್ಪಿಕೊಂಡು, ಅವಳು ಬ್ಯಾಗಿನಿಂದ ಒದ್ದೆ ಟಿಶ್ಯೂ ತೆಗೆದುಕೊಟ್ಟಳು.

ದೋಣಿ ತಿರುಗಿತು. ಈಗ ಬಿಸಿಲು ಇವರ ಬದಿಗೆ ಬಂತು, ಹಕ್ಕಿಗಳೂ ಬಂದವು. ಕಡಲಿನ ಭರತದ ನೀರು ಏರಿ ಕೆಸರು ಮುಳುಗತೊಡಗಿತ್ತು. ಕಾಲ ಕೆಳಗಿನ ಜಾಗ ಹೋದದ್ದೇ ಫ್ಲೆಮಿಂಗೊಗಳು ಒಂದರ ಹಿಂದೊಂದು ನೀರಿನ ಮೇಲೆ ಓಡಿ ಎದ್ದವು, ರೆಕ್ಕೆಯೊಳಗಿನ ಕೆಂಪು ಬಿಚ್ಚಿಕೊಂಡು ದೋಣಿಯ ಮೇಲಿಂದಲೇ ಹಾದುಹೋದವು. ಯಾರೂ ಹೆಸರು ಕೇಳಲಿಲ್ಲ. ಮಾಮ ಕೂಡ ಕಣ್ಣು ತೆರೆದರು.

ಜೆಟ್ಟಿ ಕಂಡದ್ದೇ ಅಕ್ಷಿತ್ ಎದ್ದ. ಡೊಂಬಿವಲಿಯವನು ಇಳಿಯುವ ಸ್ಟೇಷನ್ ಬರುವವರೆಗೆ ಕೂತಿದ್ದರೆ ಆ ಜನಜಂಗುಳಿಯಲ್ಲಿ ಇಳಿದಂತೆಯೇ. ಬ್ಯಾಗನ್ನು ಬೆನ್ನಿನಿಂದ ಎದೆಗೆ ತಂದು, ಭುಜ ಓರೆ ಮಾಡಿ, ಜನರ ಮೊಣಕಾಲುಗಳನ್ನು ದಾಟಿ ದೋಣಿಯ ಮುಂಭಾಗಕ್ಕೆ ಬಂದು ನಿಂತ. ಗೈಡು ಬೈಠೋ ಬೈಠೋ ಎಂದು ಗದರಿದಾಗಲೇ ಅವನಿಗೆ ಎಚ್ಚರವಾದದ್ದು. ಹುಡುಗಿಯನ್ನು ಹಿಂದೆಯೇ ಬಿಟ್ಟು ಬಂದಿದ್ದ. ಎಲ್ಲ ಮುಗಿಯಿತು ಎಂದುಕೊಂಡು ಕತ್ತು ಹಿಂದಕ್ಕೆ ತಿರುಗಿಸಿದ.

ಅವನ ಬೆನ್ನಿಗೆ ತಾಗಿಕೊಂಡೇ ಜ್ಯೋತ್ಸ್ನಾ ನಿಂತಿದ್ದಳು. ಪರ್ಸು ಎದೆಗವಚಿತ್ತು, ದುಪಟ್ಟಾ ಸೊಂಟಕ್ಕೆ ಬಿಗಿದಿತ್ತು, ಮೊಣಕೈ ಯುದ್ಧಕ್ಕೆ ತಯಾರಿತ್ತು. "ಆಗೇ ಬಢೋ ನಾ" ಎಂದು, ಮುಂದೆ ಸರಿಯುವಂತೆ ಅವನ ಬೆನ್ನಿಗೊಂದು ಹದವಾದ ತಿವಿತ ಕೊಟ್ಟಳು. "ಉತರ್ನಾ ಹೈ ಕಿ ನಹೀ?"

ಇಬ್ಬರೂ ಎಲ್ಲರಿಗಿಂತ ಮೊದಲು ಇಳಿದರು. ಇಳಿದ ಮೇಲೆ ಲೀಲಾಧರ ಮಾಮನ ನೆನಪಾಯಿತು. ಅವರು ದೋಣಿಯ ಹಿಂಭಾಗದಲ್ಲಿ, ಗುಜರಾತಿ ಕುಟುಂಬದ ಹಿಂದೆ ಸಿಕ್ಕಿಬಿದ್ದಿದ್ದರು. ಅಲ್ಲಿಂದಲೇ, ಜೆಟ್ಟಿಗೆಲ್ಲ ಕೇಳುವಂತೆ ತುಳುವಿನಲ್ಲಿ, ನಿನ್ನಮ್ಮ ಆಗಲೇ ಫೋನು ಮಾಡಿಯಾಯಿತು, ಏನು ಹೇಳಲಿ ಎಂದು ಕೂಗಿದರು.

ಜ್ಯೋತ್ಸ್ನಾ ಮಾಮನಿಗೆ ಉತ್ತರಿಸುವ ಮೊದಲು ಅಕ್ಷಿತನ ಕಡೆ ತಿರುಗಿದಳು. ಬೆಳಗ್ಗಿನಿಂದ ಮೊದಲ ಬಾರಿಗೆ ಕನ್ನಡದಲ್ಲಿ ಮಾತಾಡಿದಳು.

"ಡೊಂಬಿವಲಿಯಲ್ಲಿ ನಂಗೆ ಆಗುದಿಲ್ಲ. ಪನ್ವೇಲ್‌ನಲ್ಲಿ ಮನೆ ಮಾಡುವಾ. ಗಾಡಿ ಅಲ್ಲಿಂದಲೇ ಹೊರಡುದು, ಇಬ್ಬರಿಗೂ ಸೀಟು ಸಿಗ್ತದೆ."

ಪನ್ವೇಲಿನಲ್ಲಿ ಬಾಡಿಗೆ ಎಷ್ಟು, ಅಮ್ಮ ಏನನ್ನುತ್ತಾಳೆ ಎಂಬುದೆಲ್ಲ ಅಕ್ಷಿತನಿಗೆ ಹೊಳೆದದ್ದು ಬಹಳ ಆಮೇಲೆ. ಆ ಹೊತ್ತಿಗೆ ಅವನು ದೋಣಿಯ ಕಡೆ ತಿರುಗಿ, ಮಾಮನಿಗೆ ಕೈಯೆತ್ತಿ, ತಾನೇ "ಹೂಂ ಅನ್ನಿ, ಮಾಮ, ಹೂಂ ಅನ್ನಿ" ಎಂದು ಕೂಗುತ್ತಿದ್ದ.