ಸೋರ್ಸು, ತೋರ್ಸು

ಚಿಕ್ಕವ್ವ ಅಂದು ಹೇಳಿದ್ದು ‘ತೋರ್ಸು’ ಎಂದೋ ‘ಸೋರ್ಸು’ ಎಂದೋ, ಆಣೆ ಮಾಡಿ ಹೇಳಲಾರೆ. ಗುತ್ತಲಿನ ನನ್ನ ಮನೆಯಲ್ಲಿ ಪುಸ್ತಕದ ಬೀರು ಖಾಲಿ ಮಾಡುವಾಗ ಸುರುಳಿ ಸುತ್ತಿದ ಎಚ್‌ಡಿಎಂಐ ಕೇಬಲ್ಲೊಂದು ಸಿಕ್ಕಿತು. ಆವತ್ತಿನಿಂದ ಈ ಒಂದು ಅಕ್ಷರದ ಜಗಳ ತಲೆಯಲ್ಲಿ ನಡೆದೇ ಇದೆ. ವಿಶ್ವವಿದ್ಯಾನಿಲಯ ನನಗೆ ಕಲಿಸಿದ್ದು ಅನುಮಾನಪಡುವುದನ್ನು; ಆದರೆ ನೋಡಿ, ನನ್ನ ಮೇಲೆ ನನಗೆ ಅನುಮಾನ ಬರುವುದು ಯಾವಾಗಲೂ ತಡವಾಗಿ.

ಚಿಕ್ಕಪ್ಪನ ಆಲೆಮನೆ ಭಾರತೀನಗರದ ಹತ್ತಿರ. ಅವರು ಕುದಿಯುವ ಬೆಲ್ಲದ ಪಾಕ ಸುರಿಯುತ್ತ, “ಒಗೆ ಬತ್ತದೆ, ಅತ್ತಗೆ ನಿಂತ್ಕಳ್ಲಾ” ಎಂದು ನನ್ನನ್ನು ಗದರಿ ನಕ್ಕದ್ದನ್ನು ಒಮ್ಮೆ ಕ್ಯಾಮೆರಾದಲ್ಲಿ ಹಿಡಿದಿದ್ದೆ. ನಾಲ್ಕೇ ನಿಮಿಷ. ಅವರು ಹೋದ ಮೇಲೆ ಅವರ ನಡೆ, ನುಡಿ ಉಳಿದದ್ದು ಅಷ್ಟರಲ್ಲೇ. ಚಿಕ್ಕವ್ವನ ಕಣ್ಣಿನ ನರ ಒಣಗುತ್ತಿತ್ತು. ಕಣ್ಣು ಕಾಣುವುದು ಇನ್ನು ಕೆಲವೇ ತಿಂಗಳು ಎಂದಿದ್ದರು ಡಾಕ್ಟರು.

“ಪೋನಲ್ಲಿ ನಿಮ್ಮ ಚಿಕ್ಕಪ್ಪ ಕಡ್ಲೆಕಾಳಂಗೆ ಕಾಣ್ತಾರೆ ಕಣ್ಲಾ. ದೊಡ್ಡ ಟೀವೀಲಿ ಒಂದ್ಸಲ ಮಕ ತೋರ್ಸು.”

ಲ್ಯಾಪ್‌ಟಾಪು ಹಿಡಿದು ಹೋದೆ. ಚಿಕ್ಕವ್ವ ತಲೆ ಬಾಚಿ, ಒಗೆದ ಸೀರೆ ಉಟ್ಟು, ಟೀವಿಯ ಎದುರು ಮಣೆ ಹಾಕಿಕೊಂಡು ಕೂತಿದ್ದಳು. ಕೇಬಲ್ ಸಿಕ್ಕಿಸಿದರೆ ‘ಸಿಗ್ನಲ್ ಇಲ್ಲ’ ಎಂಬ ನೀಲಿ ಪರದೆ. ಚಿತ್ರದ ಗಾತ್ರ ಆ ಟೀವಿಗೆ ಹೆಚ್ಚಾಯಿತೇನೋ ಎಂದು ರೆಸಲ್ಯೂಷನ್ ಇಳಿಸಿದೆ, ಏರಿಸಿದೆ. ಮದ್ದೂರಿಗೆ ಹೋಗಿ ಹೊಸ ಕೇಬಲ್ಲು ತಂದೆ, ಜೊತೆಗೆ ವಡೆ. ಕೆಲಸಕ್ಕೆ ಬಂದದ್ದು ವಡೆ ಮಾತ್ರ.

ಚಿಕ್ಕವ್ವ ರಿಮೋಟು ಚಾಚಿದಳು. “ಟೀವಿ ಕೂರ್ಸಿದ ನಯಾಜು ಯೋಳವ್ನೆ ಕಣ್ಲಾ. ಮೊದ್ಲು ಸೋರ್ಸು, ಆಮೇಕೆ ತೋರ್ಸು.” ಹೀಗೆಂದಳು ಎಂದೇ ನನ್ನ ನೆನಪು.

“ಸೋರ್ಸಕ್ಕೆ ಟೀವಿ ಏನು ತೂತು ಬಿಂದ್ಗೆನಾ, ಚಿಕ್ಕವ್ವ?”

ನಕ್ಕೆ. ಅವಳೂ ನಕ್ಕಳು. ಅಥವಾ ಅವಳ ನಗುವನ್ನು ಆಮೇಲೆ ನಾನೇ ಸೇರಿಸಿಕೊಂಡೆನೋ. ರಿಮೋಟನ್ನು ಮಾತ್ರ ನಾನು ಮುಟ್ಟಲಿಲ್ಲ.

“ಓದ್ದೋನು ನೀನು. ಬುಡು ಅಂಗಾರೆ,” ಎಂದಳು.

ಮುಂದಿನ ವಾರ ಬರುತ್ತೇನೆ ಎಂದೆ. ಪರೀಕ್ಷೆ ಬಂತು, ಪೇಪರ್ ತಿದ್ದುವ ಕೆಲಸ ಬಂತು. ಮತ್ತೆ ಹೋಗುವಷ್ಟರಲ್ಲಿ ಅವಳು ನನ್ನನ್ನು ದನಿಯಿಂದ ಗುರುತಿಸುತ್ತಿದ್ದಳು. ಟೀವಿಯ ಮಾತು ಅವಳು ಎತ್ತಲಿಲ್ಲ; ನಾನೂ ಎತ್ತಲಿಲ್ಲ.

ಮೊನ್ನೆ ಭಾನುವಾರ ಆ ಕೇಬಲ್ಲನ್ನೇ ಹಿಡಿದು ಹೋದೆ. ರಿಮೋಟಿನ ಒಂದು ಗುಂಡಿಯ ಮೇಲೆ ಉಗುರುಬಣ್ಣದ ಕೆಂಪು ಚುಕ್ಕೆ. ಇಂಗ್ಲಿಷ್ ಬಾರದ ಚಿಕ್ಕವ್ವನಿಗೆ ಗುರುತಿರಲೆಂದು ನಯಾಜ್ ಇಟ್ಟದ್ದಂತೆ. ಕೇಬಲ್ ಸಿಕ್ಕಿಸಿ ಅದನ್ನು ಒತ್ತಿದೆ, ಇನ್ನೊಮ್ಮೆ ಒತ್ತಿದೆ. ಚಿಕ್ಕಪ್ಪ ಗೋಡೆಯಗಲಕ್ಕೆ ಬಂದರು, ಹುಬ್ಬಿನ ಬೆವರು ಸಹಿತ. ಹೊಗೆ ಬರುತ್ತದೆಂದು ಗದರಿದರು. ಚಿಕ್ಕವ್ವ ದನಿಯತ್ತ ಮುಖ ತಿರುಗಿಸಿದಳು.

“ಚೆಂದಾಗಿ ಕಾಣ್ತಾರಾ?”

“ಕಾಣ್ತಾರೆ, ಚಿಕ್ಕವ್ವ.”

ಯಾವ ಕೇಬಲ್ಲಿನ ಚಿತ್ರ ಬೇಕೆಂದು ಟೀವಿಗೆ ಹೇಳುವ ಗುಂಡಿ ಅದು. ಕೆಂಪು ಬಣ್ಣವನ್ನು ಉಗುರಿನಿಂದ ಕೆರೆದು ನೋಡಿದೆ. ಕೆಳಗೆ ಇಂಗ್ಲಿಷಿನಲ್ಲಿ ‘ಸೋರ್ಸ್’ ಎಂದೇ ಇತ್ತು.