ದಿಂಬಿನ ಗವಸಿನ ಕಸೂತಿ

ವಿಶ್ವಕೋಶದ ಕಚೇರಿಯಲ್ಲಿ ಆಕೆಯನ್ನು ಬೆನ್ನ ಹಿಂದೆ ಎಲ್ಲರೂ ‘ಭೂತಗನ್ನಡಿ’ ಎನ್ನುತ್ತಿದ್ದರು. ಯುರೋಪಿನ ಪುನರುಜ್ಜೀವನ ಕಾಲದ ಚಿತ್ರಗಳ ಕುರಿತು ಮೂವತ್ತೆಂಟು ವರ್ಷ ಲೇಖನ ಬರೆದವರು. ಕಣ್ಣಿಗೆ ಕಂಡದ್ದನ್ನು ಮೊದಲು ಬರೆಯಬೇಕು, ಹೆಸರನ್ನು ಆಧಾರ ಸಿಕ್ಕ ಮೇಲೆಯೇ ಬರೆಯಬೇಕು ಎಂಬುದು ಅವರ ಪಟ್ಟು. ಬೆತ್ತಲೆ ಇದ್ದರೆ ಬೆತ್ತಲೆ. ‘ಸಹಜ ಸ್ಥಿತಿಯಲ್ಲಿ’ ಎಂದು ನುಣುಚಿಕೊಳ್ಳುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ನಿವೃತ್ತಿಗೆ ಎರಡು ವರ್ಷವಿರುವಾಗ, ಹೊಸ ಆವೃತ್ತಿಗೆಂದು ಬಂದ ಬಣ್ಣದ ಛಾಯಾಚಿತ್ರವೊಂದನ್ನು ನೋಡಿ ಅವರ ಕೈ ನಿಂತಿತು. ಕಿಟಕಿಯ ಬಳಿ ಕುಳಿತ ಹೆಂಗಸು. ಮೈಮೇಲೆ ನೂಲೆಳೆಯೂ ಇಲ್ಲ. ಕೆಲಸಕ್ಕೆ ಸೇರಿದ ವರ್ಷ ಇದೇ ಚಿತ್ರವನ್ನು ‘ಕಸೂತಿಯ ಶಾಲು ಹೊದ್ದ ಡ್ಯೂಕನ ಪತ್ನಿ’ ಎಂದು ಬರೆದವರು ತಾವೇ. ಅಂಥ ಶಾಲು ಸಾಮಾನ್ಯ ಹೆಂಗಸಿಗೆ ಎಲ್ಲಿಂದ ಬರಬೇಕು ಎಂದು ಊಹಿಸಿ ಕೊಟ್ಟ ಹೆಸರು ಅದು. ಶಾಲೆಯ ಪುಸ್ತಕಗಳೂ ಅದನ್ನೇ ನಕಲು ಮಾಡಿದ್ದವು.

ಹಳೆಯ ಸಂಪುಟ ತೆಗೆದು ಭೂತಗನ್ನಡಿ ಹಿಡಿದರು. ಶಾಲಿನ ಅಂಚಿನುದ್ದಕ್ಕೂ ಮೂರೆಲೆ, ಒಂದು ಮೊಗ್ಗು. ಮನೆಯ ದಿಂಬಿನ ಗವಸಿಗೆ ಅಮ್ಮ ಹಾಕಿದ್ದ ಕಸೂತಿ. ಆಗ ವಿಶ್ವಕೋಶದ ಮುದ್ರಣಾಲಯದಲ್ಲಿ, ಅಚ್ಚಿನ ಬ್ಲಾಕ್ ಮಾಡುವ ಮುನ್ನ ಛಾಯಾಚಿತ್ರದ ಕಲೆಗಳನ್ನು ಕುಂಚದಿಂದ ತಿದ್ದುವ ಕೆಲಸ ಅಪ್ಪನದಾಗಿತ್ತು. ಅಪ್ಪ ತಿದ್ದಿದ ಮೇಲೆಯೇ ಚಿತ್ರಗಳು ಬರೆಯುವವರ ಮೇಜಿಗೆ ಬರುತ್ತಿದ್ದವು.

ತಿದ್ದುಪಡಿ ಚೀಟಿ ಹಿಡಿದು ಹೋದಾಗ ಸಂಪಾದಕರು ನಕ್ಕರು. “ಇಷ್ಟು ವರ್ಷ ಮರ್ಯಾದೆಯಾಗಿ ಹೊದ್ಕೊಂಡು ಕೂತಿದ್ದವಳನ್ನ ಈಗ ನೀವೇ ಬಿಚ್ಚಿಸ್ತೀರಲ್ಲ ಮೇಡಂ. ಆಯ್ತು, ತಪ್ಪು ಯಾರದ್ದು ಅಂತ ಬರೀರಿ. ಆ ಜಾಗ ಖಾಲಿ ಇದ್ರೆ ಚೀಟಿ ಮುಂದೆ ಹೋಗಲ್ಲ. ನಾಳೆ ಕೊನೇ ದಿನ.”

ಸಂಜೆ ಅಪ್ಪನ ಹಾಸಿಗೆಯ ಪಕ್ಕ ಕುಳಿತರು. ಎಂಬತ್ತೊಂಬತ್ತರ ಅಪ್ಪನಿಗೆ ಕಣ್ಣು ಕಾಣುತ್ತಿರಲಿಲ್ಲ.

“ಅಪ್ಪಾ, ಕಿಟಕಿ ಹತ್ರ ಕೂತಿರೋ ಹೆಂಗಸಿನ ಶಾಲು ನೀವು ಬರೆದದ್ದಾ?”

“ಯಾವ ಶಾಲೋ ಏನೋ. ಕಲೆ ತೆಗೀತಿದ್ದೆ, ಅಷ್ಟೇ. ಇನ್ನೊಬ್ಬರ ಚಿತ್ರಕ್ಕೆ ಕೈ ಹಾಕೋನಲ್ಲ ನಾನು.”

“ಅಮ್ಮನ ಕಸೂತಿ ಇದೆ ಅದರಲ್ಲಿ.”

ಅಪ್ಪನ ಬೆರಳು ದಿಂಬಿನ ಅಂಚನ್ನು ತಡಕಿತು.

“ನೀನಾಗ ಹೊಸಬಳು, ತಾಯಿ. ಅಷ್ಟು ಗಂಡಸರ ಮಧ್ಯೆ ಕೂತು ಅದನ್ನ ನೋಡಿ ಬರೀಬೇಕಿತ್ತು ನೀನು,” ಎಂದವರು ಗೋಡೆಯತ್ತ ತಿರುಗಿದರು. “ಯಾರಿಗೂ ಹೇಳ್ಬೇಡ.”

ಮರುದಿನ ಲೇಖನ ಹೀಗೆ ಹೋಯಿತು: ‘ಬೆತ್ತಲೆಯಾಗಿ ಕುಳಿತ ಹೆಂಗಸು. ಯಾರೆಂದು ತಿಳಿಯದು.’ ತಪ್ಪು ಯಾರದ್ದೆಂಬಲ್ಲಿ ಅವರು ತಮ್ಮ ಹೆಸರೊಂದನ್ನೇ ಬರೆದರು. ಸಂಪಾದಕರು ಸಹಿ ಹಾಕಿದರು. ಆ ವಾರವೇ ಚಿತ್ರಕಲೆಯ ಕಡತಗಳನ್ನು ಆಕೆಯ ಮೇಜಿನಿಂದ ತೆಗೆಸಿದರು. ಉಳಿದೆರಡು ವರ್ಷ ಅವರು ಪದಸೂಚಿಯ ಪುಟಸಂಖ್ಯೆಗಳನ್ನು ತಾಳೆ ನೋಡಿದರು.

“ಇವತ್ತು ಯಾವ ಚಿತ್ರದ ಬಗ್ಗೆ ಬರೆದೆ?” ಎಂದು ಅಪ್ಪ ಸಂಜೆ ಕೇಳುತ್ತಿದ್ದರು. ಆಕೆ ಹಳೆಯದೊಂದನ್ನು ನೆನಪಿನಿಂದ ತೆಗೆದು, ಕಂಡದ್ದನ್ನು ಕಂಡಂತೆ ಹೇಳುತ್ತಿದ್ದರು.