ಬಂಪರಿಗೆ ಹಾರಿದ ಆರತಿ ನೀರು

ನೈರೋಬಿಯ ಗಿಗಿರಿ ಬಡಾವಣೆಯಲ್ಲಿರುವ ಮಗಳ ಕಚೇರಿಯ ಗೇಟಿನಲ್ಲಿ ಕಾವಲುಗಾರರು ಕೋಲಿಗೆ ಕಟ್ಟಿದ ಕನ್ನಡಿಯನ್ನು ಕಾರಿನ ಕೆಳಗೆ ತೂರಿಸಿ ನೋಡುತ್ತಾರೆ. ಅವರಲ್ಲೊಬ್ಬ ಬಗ್ಗಿ ಬಂಪರ್ ಮುಟ್ಟಿದರೆ ಸಾಕು, ಐವತ್ತು ವರ್ಷ ಕಳೆದಿದ್ದರೂ ನನ್ನ ಬಾಯಿ ಒಣಗುತ್ತದೆ. "ಅಮ್ಮಾ, ರಿಲ್ಯಾಕ್ಸ್, ದೇ ಆರ್ ಜಸ್ಟ್ ಚೆಕಿಂಗ್" ಎನ್ನುತ್ತಾಳೆ ಮಗಳು. ಅವಳು ಹುಟ್ಟುವ ಮೊದಲಿನ ಕಥೆ ಇದು.

ಅದು ೧೯೭೨. ನಾವು ಉಗಾಂಡಾದ ಕಂಪಾಲಾದಲ್ಲಿದ್ದೆವು. ಮೈಸೂರಿನಲ್ಲಿ ಬಿ.ಎಸ್ಸಿ ಮುಗಿಸಿ, ಮದುವೆಯಾಗಿ ನಾನು ಅಲ್ಲಿಗೆ ಹೋಗಿ ಹದಿನಾಲ್ಕು ತಿಂಗಳಾಗಿತ್ತು. ನಮ್ಮವರು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದರು. ಏಷ್ಯದವರು ತೊಂಬತ್ತು ದಿನದೊಳಗೆ ದೇಶ ಬಿಡಬೇಕೆಂದು ಆಗಸ್ಟಿನಲ್ಲಿ ರೇಡಿಯೋ ಸಾರಿತು. ಸೆಪ್ಟೆಂಬರಿನಲ್ಲಿ ಅದೇ ರೇಡಿಯೋ, ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಉಗಾಂಡಾದ ಓಟಗಾರ ಚಿನ್ನ ಗೆದ್ದನೆಂದಿತು. ಬೀದಿಯಲ್ಲಿ ಜನ ಕುಣಿದರು. ಹಾಲಿನವನು ನಮ್ಮವರನ್ನು ತಬ್ಬಿಕೊಂಡ. ಮೂರು ದಿನಕ್ಕೆ ಅದೇ ಮ್ಯೂನಿಕ್‌ನಲ್ಲಿ ಇಸ್ರೇಲಿನ ಆಟಗಾರರನ್ನು ಒತ್ತೆಯಾಗಿ ಹಿಡಿದರು, ಕೊಂದರು. ತಿಂಗಳ ನಡುವೆ ತಾಂಜಾನಿಯಾದ ಕಡೆಯಿಂದ ಬಂಡುಕೋರರು ಗಡಿ ದಾಟಿ ನುಗ್ಗಿದರು. ಆಮೇಲೆ ಕಂಪಾಲಾದ ಸೈನಿಕರಿಗೆ ಕಂಡದ್ದೆಲ್ಲ ಶತ್ರುವೇ.

ನಮ್ಮವರಿಗೆ ನೈರೋಬಿಯಲ್ಲಿ ಕೆಲಸ ಸಿಕ್ಕಿತ್ತು. ಹೊರಡುವ ದಿನ ಬೆಳಿಗ್ಗೆ ಸಾಮಾನು ತುಂಬಿದ ಮೇಲೆ ನಾನು ಅರಿಸಿನ, ಸುಣ್ಣ ಕಲಸಿದ ಕೆಂಪು ನೀರಿನಿಂದ ಕಾರಿಗೆ ಆರತಿ ಎತ್ತಿದೆ.

"ಬೇಡ ಕಣೇ, ಹೊತ್ತಾಯ್ತು. ಕೆಮಿಸ್ಟ್ರಿ ಓದಿದೋಳು ಟೈರಿಗೆ ದೃಷ್ಟಿ ತೆಗೀತೀಯಲ್ಲ!"

"ಸುಮ್ನಿರಿ. ದೃಷ್ಟಿ ಬಿದ್ದಿರೋದು ಟೈರಿಗಲ್ಲ, ನಿಮಗೆ."

ಚಕ್ರದ ಮುಂದೆ ಜೋರಾಗಿ ಸುರಿದೆ. ಬಿಳಿ ಕಾರಿನ ಬಂಪರಿಗೆ ಹಾರಿತು. ಒರೆಸಬಾರದೆಂದು ಹಾಗೆಯೇ ಬಿಟ್ಟೆ.

ಗಡಿಯ ದಾರಿಯಲ್ಲಿ, ನೈಲ್ ನದಿಯ ಜಿಂಜಾ ಸೇತುವೆಗೆ ಸ್ವಲ್ಪ ಮೊದಲು ರಸ್ತೆಗೆ ಅಡ್ಡಲಾಗಿ ಡಾಂಬರಿನ ಡ್ರಮ್ಮುಗಳಿದ್ದವು. ಪಕ್ಕದ ಹುಲ್ಲಿನೊಳಗಿಂದ ಎರಡು ಕಾಲು ಚಾಚಿಕೊಂಡಿದ್ದವು, ಒಂದಕ್ಕೆ ಮಾತ್ರ ಬೂಟು. ಸೈನಿಕನೊಬ್ಬ ಕಾಗದ ನೋಡಿ ಹಿಂತಿರುಗಿಸಿದ. ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಅವನು ಬಗ್ಗಿ ಬಂಪರಿನ ಮೇಲೆ ಬೆರಳಾಡಿಸಿದ.

"ದಾಮು!" ಎಂದು ಕೂಗಿದ. ರಕ್ತ.

ನಮ್ಮವರನ್ನು ಕಾಲರ್ ಹಿಡಿದು ಹೊರಗೆಳೆದರು. ಯಾರ ಮೇಲೆ ಹತ್ತಿಸಿ ಬಂದೆ, ನಮ್ಮ ಹುಡುಗರ ಮೇಲೋ ಎಂದು ಗದರಿದರು. "ಹಪಾನಾ, ಸಿ ದಾಮು," ಅಲ್ಲ, ರಕ್ತವಲ್ಲ ಎನ್ನುತ್ತ ನಮ್ಮವರು ನಕ್ಕರು. ಹೆದರಿದಾಗ ಅವರಿಗೆ ನಗು ಬರುತ್ತದೆ. ಸೈನಿಕನಿಗೆ ಅದು ಗೊತ್ತಿರಲಿಲ್ಲ. ಬಂದೂಕಿನ ಹಿಂಬದಿ ಎಡಗಿವಿಯ ಮೇಲೆ ಬಿತ್ತು. ತೆಂಗಿನಕಾಯಿ ಒಡೆದಂಥ ಸದ್ದು. ಬಿದ್ದವರ ಪಕ್ಕೆಗೆ ಇಬ್ಬರು ಒದ್ದರು, ಬೂಟಿನ ಮೊನೆಯಿಂದ, ಸರದಿಯ ಮೇಲೆ. ಮೂರನೆಯವನು ಕತ್ತಿನ ಹಿಂದೆ ನಳಿಗೆ ಒತ್ತಿ ಬೋಲ್ಟ್ ಎಳೆದ.

ನಾನು ಕಿರುಚಲಿಲ್ಲ. ಚೀಲವನ್ನು ರಸ್ತೆಯ ಮೇಲೆ ಬೋರಲು ಹಾಕಿದೆ. ಉಳಿದ ಅರಿಸಿನದ ಪೊಟ್ಟಣ, ಸುಣ್ಣದ ಡಬ್ಬಿ ಸಿಕ್ಕವು. ನೀರು ತೆಗೆದುಕೊಳ್ಳಲು ಕಾರಿನ ಕಡೆ ತಿರುಗಿದರೆ ಗುಂಡು ಹಾರುತ್ತದೆ ಅನಿಸಿತು. ಅಂಗೈಗೆ ಅರಿಸಿನ ಸುರಿದು ಉಗುಳಿದೆ, ಸುಣ್ಣ ಹಚ್ಚಿ ಉಜ್ಜಿದೆ. ಬಾಯಿ ಒಣಗಿತ್ತು, ಉಗುಳು ಸಾಲಲಿಲ್ಲ. ಕೆನ್ನೆ ಕಚ್ಚಿಕೊಂಡು ಇನ್ನೊಮ್ಮೆ ಉಗುಳಿದೆ. ಹಳದಿ ಕಿತ್ತಳೆಯಾಯಿತು, ಕಿತ್ತಳೆ ಕೆಂಪಾಯಿತು. "ತಜಾಮಾ! ತಜಾಮಾ!" ನೋಡಿ, ನೋಡಿ ಎಂದು, ಮೊದಲು ರಕ್ತವೆಂದು ಕೂಗಿದವನ ಮುಖಕ್ಕೆ ಕೈ ಹಿಡಿದೆ.

ಅವನು ನನ್ನ ಮಣಿಕಟ್ಟು ತಿರುಚಿ ಬಣ್ಣ ನೋಡಿದ, ಮೂಸಿದ. ಬೆರಳಿಗೆ ತೆಗೆದು ಜೊತೆಯವನ ಕೆನ್ನೆಗೆ ಬಳಿದ. ಆಮೇಲೆ ನಕ್ಕ.

"ಮ್ಚಾವಿ!" ಎಂದ, ಮಾಟಗಾತಿ ಎಂದು. ಎಲ್ಲರೂ ನಕ್ಕರು. ನಗುತ್ತಲೇ ನನ್ನ ಬಳೆಗಳನ್ನು ಚರ್ಮ ಸುಲಿಯುವಂತೆ ಎಳೆದುಕೊಂಡರು. "ನೆಂಡಾ, ನೆಂಡಾ!" ಹೋಗಿ, ಹೋಗಿ.

ನನಗೆ ಕಾರು ಓಡಿಸಲು ಬರುತ್ತಿರಲಿಲ್ಲ. ನಮ್ಮವರೇ ತೆವಳಿ ಹತ್ತಿ ಕೂತರು. ಕಿವಿಯಿಂದ ಇಳಿದ ರಕ್ತ ಕಾಲರಿನೊಳಗೆ ಹೋಗುತ್ತಿತ್ತು. ಸೇತುವೆ ದಾಟುವವರೆಗೂ ನನ್ನ ಬೆನ್ನು ಗುಂಡಿಗಾಗಿ ಕಾಯುತ್ತಿತ್ತು. ಈಗಲೂ ನಿದ್ದೆ ಬಾರದಾಗ ಆ ಗಳಿಗೆ ಕಣ್ಣ ಮುಂದೆ ಬರುತ್ತದೆ, ಆದರೆ ಅಲ್ಲಿ ಕೈಯೊಳಗೆ ಅರಿಸಿನ ಕೆಂಪಾಗುವುದಿಲ್ಲ. ಹಳದಿಯಾಗಿಯೇ ಉಳಿಯುತ್ತದೆ, ಬೋಲ್ಟಿನ ಸದ್ದು ಕೇಳುತ್ತದೆ.

ಸೇತುವೆ ದಾಟಿದ ಮೇಲೆ, ಅವರ ಎಡಗಡೆಯ ಸೀಟಿನಲ್ಲಿ ಕೂತಿದ್ದ ನಾನು ಹೇಳಿದೆ: "ರೀ, ತಪ್ಪು ನಂದು. ನೀವು ಬೇಡ ಅಂದ್ರಿ, ನಾನು ಕೇಳ್ಲಿಲ್ಲ."

ಅವರು ರಸ್ತೆ ನೋಡುತ್ತ ಕಾರು ಓಡಿಸುತ್ತಿದ್ದರು. ಉತ್ತರ ಬರಲಿಲ್ಲ. ಗಡಿಯವರೆಗೂ ಬರಲಿಲ್ಲ.

ನೈರೋಬಿಯ ವೈದ್ಯರು ಎಡಗಿವಿಯ ತಮಟೆ ಹರಿದಿದೆ, ಅದು ಇನ್ನು ಕೇಳಿಸದು ಎಂದರು. ಆಗ ನನಗೆ ಬಂದದ್ದು ಅಳುವಲ್ಲ, ಒಂದು ಲೆಕ್ಕಾಚಾರ: ಅವತ್ತು ಅವರಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನಿದ್ದರೋ? ಬಲಗಡೆ ಕೂತು ಇನ್ನೊಮ್ಮೆ ಹೇಳಿದರೆ ತಿಳಿಯುತ್ತದೆ. ಅವರಿಗೀಗ ಎಂಬತ್ತು ದಾಟಿದೆ. ದಿನವೂ ಊಟಕ್ಕೆ ಅವರ ಬಲಗಡೆಯೇ ಕೂರುತ್ತೇನೆ. ಸಾರು ಬೇಕಾ, ಮಜ್ಜಿಗೆ ಬೇಕಾ ಎಂದಷ್ಟೇ ಕೇಳುತ್ತೇನೆ.